ಮದುವೆಯಾಗದವಳ ಎದೆಹಾಲು

ಒಗೆಯಲು ಹಾಕಿದ್ದ ನನ್ನ ಕುಪ್ಪಸವನ್ನು ಅವ್ವ ಬಿಸಿಲಿಗೆ ಹಿಡಿದು ನೋಡುತ್ತ ನಿಂತಿದ್ದಳು. ಎದೆಯ ಹತ್ತಿರ ಒಣಗಿದ ಬಿಳಿ ಕಲೆ. ಮಕ್ಕಳಿಗೆ ಮೊಲೆಯೂಡಿಸಿದವಳಿಗೆ ಅದೇನೆಂದು ಯಾರೂ ಹೇಳಬೇಕಿರಲಿಲ್ಲ. ನನಗಿನ್ನೂ ಮದುವೆಯಾಗಿರಲಿಲ್ಲ.

"ಮುಟ್ಟು ಯಾವಾಗ ಆಗಿದ್ದಿ?"

"ಬ್ಯಾಸಿಗಿಯಿಂದ ಆಗಿಲ್ಲ."

"ಯಾರಂವ?"

"ಯಾರೂ ಇಲ್ಲವ್ವಾ."

"ಖರೇ ಹೇಳು. ನಿಮ್ಮಪ್ಪಗ ಏನಂತ ಹೇಳ್ಲಿ ನಾ?"

ಆಣೆ ಮಾಡಿದೆ. ಅವಳು ನಂಬಲಿಲ್ಲ. ನನ್ನ ಮೈ ನನ್ನ ವಿರುದ್ಧವೇ ಸಾಕ್ಷಿ ಹೇಳುತ್ತಿತ್ತು.

ಕೇಶ್ವಾಪುರದ ನಮ್ಮ ಓಣಿಯಲ್ಲಿ ಎಲ್ಲರೂ ಪರಿಚಯದವರು. ಅದಕ್ಕೇ ಅವ್ವ ನನ್ನ ಮುಖಕ್ಕೆ ದುಪಟ್ಟಾ ಸುತ್ತಿಸಿ ದುರ್ಗದಬೈಲಿನಾಚೆಯ ಒಂದು ದವಾಖಾನೆಗೆ ಕರೆದೊಯ್ದಳು. ಡಾಕ್ಟರಮ್ಮ ಮೂತ್ರ ಪರೀಕ್ಷೆ ಮಾಡಿಸಿದರು. ಬಸಿರಲ್ಲ. ಅವ್ವ ಉಸಿರು ಬಿಡುವಷ್ಟರಲ್ಲಿ ರಕ್ತದ ವರದಿ ಬಂತು.

"ಹಾಲು ಬರಿಸೋ ಹಾರ್ಮೋನ್ ಭಾಳ ಏರೇತಿ. ತಲಿಯೊಳಗಿನ ಗ್ರಂಥಿಯಾಗ ಗಂಟಿದ್ರೂ ಹಿಂಗಾಗತೈತಿ. ಸ್ಕ್ಯಾನ್ ಮಾಡಿಸ್ರಿ."

ಆಟೋದಲ್ಲಿ ಅವ್ವ ನನ್ನ ತೋಳು ಬಿಡಲೇ ಇಲ್ಲ. ಯಂತ್ರದೊಳಗೆ ಅಲುಗಾಡದೆ ಮಲಗಿ, ಕಿವಿಗಡಚಿಕ್ಕುವ ಸದ್ದು ಕೇಳುತ್ತ, ಬಸಿರೇ ಆಗಿದ್ದರೆ ವಾಸಿಯಿತ್ತು ಅಂದುಕೊಂಡೆ.

ಗಂಟು ಇರಲಿಲ್ಲ. ಹಾಗಾದರೆ ಏನು? ಡಾಕ್ಟರಮ್ಮ ವರದಿ ಬದಿಗಿಟ್ಟು ನನ್ನನ್ನೇ ನೋಡಿದರು.

"ಬ್ಯಾರೆ ಗುಳಿಗಿ ಏನರ ತಗೋತೀರೇನು?"

ತಾರಿಹಾಳದ ಕಾರ್ಖಾನೆಯೊಂದರ ಆಫೀಸಿನಲ್ಲಿ ನನ್ನ ಕೆಲಸ. ಹಿಂದಿನ ವರ್ಷ ಅಲ್ಲಿಗೆ ಹೋಗುವಾಗ ಸ್ಕೂಟರ್ ಜಾರಿ ಬೆನ್ನಿಗೆ ಪೆಟ್ಟಾಗಿತ್ತು. ಅಂದಿನಿಂದ ಮೂಳೆ ಡಾಕ್ಟರರು ಬರೆದುಕೊಟ್ಟ ಗುಳಿಗೆಯಿಲ್ಲದೆ ಕುರ್ಚಿಯಲ್ಲಿ ಕೂರಲಾಗುತ್ತಿರಲಿಲ್ಲ. ಬೆನ್ನಿಗೂ ಎದೆಗೂ ಏನು ಸಂಬಂಧ ಅಂದುಕೊಂಡು ಅದನ್ನು ಡಾಕ್ಟರಮ್ಮನಿಗೆ ಹೇಳಿರಲೇ ಇಲ್ಲ. ಚೀಲದಿಂದ ಗುಳಿಗೆಯ ಪಟ್ಟಿ ತೆಗೆದು ಕೊಟ್ಟೆ.

"ಇದು ಅಫೀಮಿನ ಜಾತಿ ಔಷಧ ರೀ."

"ಅಫೀಮ?" ಅವ್ವ ಎದ್ದು ನಿಂತಳು.

"ಕುಂದರ್ರಿ. ಇದು ನೋವಷ್ಟ ಕಡಿಮಿ ಮಾಡೂದಿಲ್ಲ. ಮೆದುಳು ಹಾಲಿನ ಹಾರ್ಮೋನ್‌ನ ತಡದ ಹಿಡದಿರತೈತಿ, ಈ ಗುಳಿಗಿ ಆ ತಡಿ ಸಡಲ ಮಾಡತೈತಿ. ಮುಟ್ಟು ತರಿಸೋ ಹಾರ್ಮೋನ್‌ನ ಒತ್ತಿ ಹಿಡೀತೈತಿ. ಮಂಗ್ಯಾಗೋಳಿಗೆ ಕೊಟ್ಟು ನೋಡಿದಾಗೂ ಹಿಂಗ ಕಂಡೈತಿ. ಎಲ್ಲಾರಿಗೂ ಹಾಲು ಬರೂದಿಲ್ಲ, ನಿಮ್ಮ ಮಗಳಿಗೆ ಬಂದೈತಿ. ಆದ್ರ ಒಮ್ಮೆಲೇ ಬಿಡಬ್ಯಾಡ್ರಿ, ಸಾವಕಾಶ ಇಳಿಸೂಣು."

ಇಳಿಸುವುದು ಸುಲಭವಿರಲಿಲ್ಲ. ಪ್ರಮಾಣ ಕಡಿಮೆಯಾದಾಗಲೆಲ್ಲ ಮೈ ಬೆವರುತ್ತಿತ್ತು, ಕಾಲುಗಳು ತಾವಾಗಿಯೇ ಒದ್ದಾಡುತ್ತಿದ್ದವು, ಬೆನ್ನು ಉರಿಯುತ್ತಿತ್ತು. ಅವ್ವ ಬಿಸಿನೀರಿನ ಚೀಲ ಹಿಡಿದು ಪಕ್ಕದಲ್ಲೇ ಕೂರುತ್ತಿದ್ದಳು.

ಹಾಲು ನಿಂತಿತು. ಗುಳಿಗೆ ಪೂರ್ತಿ ಬಿಟ್ಟ ಮೇಲೆ, ಒಂದು ಮುಂಜಾನೆ ಮುಟ್ಟಾಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ. ಹಿಟ್ಟಿನ ಕೈಯಲ್ಲೇ ಅವ್ವ ನೆಲಕ್ಕೆ ಕುಸಿದು ಅಳತೊಡಗಿದಳು.

"ಈಗರ ನಂಬ್ತೀಯೇನು?" ಅಂದೆ.

"ನಾ ಅಂಜಿದ್ದೆ ಕೂಸ."

ನಾನೂ ಅಂಜಿದ್ದೆ. ಅದನ್ನು ಆಗ ಯಾರೂ ಕೇಳಿರಲಿಲ್ಲ. ಆದರೂ ಅವಳ ಪಕ್ಕದಲ್ಲಿ, ಬೆನ್ನನ್ನು ಗೋಡೆಗೆ ಆನಿಸಿ, ಮೆಲ್ಲಗೆ ಕುಳಿತೆ.