ಸ್ಪೆಷಲಿಸ್ಟ್ ಬರೋ ತನಕ ಕಾಯ್ತೀನಿ

ಎಡಗೈಯ ಬಿಪಿ ಬಲಗೈಯದಕ್ಕಿಂತ ಐವತ್ತು ಕಡಿಮೆ ಇತ್ತು. ಎದೆನೋವೆಂದು ಬೆಳಿಗ್ಗೆ ಈ ಪರದೇಶದ ಊರಿನ ಬ್ಲ್ಯಾಕ್‌ಟೌನ್ ಬಡಾವಣೆಯಿಂದ ನಮ್ಮ ಎಮರ್ಜೆನ್ಸಿಗೆ ಬಂದಿದ್ದ ಕನ್ನಡದ ಅಂಕಲ್ ನನ್ನನ್ನು ನೋಡಿ ಮುಖ ತಿರುಗಿಸಿದರು.

“ಡ್ಯೂಟಿ ಡಾಕ್ಟರ್ ಎಲ್ಲ ಬೇಡಮ್ಮ. ಸ್ಪೆಷಲಿಸ್ಟ್ ಬರೋ ತನಕ ಕಾಯ್ತೀನಿ.”

“ಕಾಯೋ ಹಾಗಿಲ್ಲ ಅಂಕಲ್. ಎಮರ್ಜೆನ್ಸಿಗೆ ಸ್ಪೆಷಲಿಸ್ಟ್ ನಾನೇ.”

ಎರಡೂ ಕೈಗಳ ಬಿಪಿ ಹೋಲಿಸುವುದನ್ನು ಸ್ಪೆಷಲಿಸ್ಟ್ ಆಗಲು ಬರೆದ ಪರೀಕ್ಷೆಯ ತರಬೇತಿ ನನಗೆ ಅಭ್ಯಾಸ ಮಾಡಿಸಿತ್ತು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಒಳಗೇ ಸೀಳಿರುವುದು, ಅಂಕಲ್ ಒಪ್ಪಿದ ಮೇಲೆ ಮಾಡಿಸಿದ ಸ್ಕ್ಯಾನ್‌ನಲ್ಲಿ ಕಂಡಿತು. ತಕ್ಷಣ ಆಪರೇಷನ್‌ಗೆ ಕಳಿಸಿದೆ. ಸಂಜೆ ಸರ್ಜನ್ ಫೋನ್ ಮಾಡಿ, ಅಂಕಲ್ ಉಳಿದರು, ಇನ್ನೊಂದು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು.

ಆ ಪರೀಕ್ಷೆ ಪಾಸಾಗಿ ತಿಂಗಳಾಗಿದ್ದರೂ, ಅದು ಹೇಳಿಕೊಳ್ಳುವಂಥ ಸುದ್ದಿ ಎಂದು ನನಗೆ ಅಲ್ಲಿಯವರೆಗೆ ಅನ್ನಿಸಿರಲಿಲ್ಲ. ಮರುದಿನ ಬೆಳಿಗ್ಗೆ ಊರಿಗೆ ಮಾತಾಡಲು ಹೊಸ ಫೋನ್ ಕಾರ್ಡ್ ಕೊಂಡು ಮೈಸೂರಿಗೆ ಕರೆ ಮಾಡಿ, ನಾನು ಸ್ಪೆಷಲಿಸ್ಟ್ ಆದೆನೆಂದು ಅಮ್ಮನಿಗೆ ಹೇಳಿದೆ.