ಎಂಟು ಸೇತುವೆ ದಾಟಿದ ಶಾಂತಕ್ಕ

ಬಿಸಿಲು ಏರಿದರೆ ಲಂಡನ್ನಿನವರು ಐಸ್‌ಕ್ರೀಮು ಹುಡುಕಿಕೊಂಡು ಹೋಗುತ್ತಾರೆ. ನಮ್ಮ ಶಾಂತಕ್ಕ ಈರುಳ್ಳಿ ಬುಟ್ಟಿಗೆ ಕೈ ಹಾಕುತ್ತಿದ್ದರು. ಸಿಪ್ಪೆ ಬಿಡಿಸದ ಒಂದು ಗಡ್ಡೆ ಕುರ್ತಾದ ಎಡ ಜೇಬಿಗೆ, ಇನ್ನೊಂದು ಬಲ ಜೇಬಿಗೆ. ಹಾಗೆ ಇಟ್ಟುಕೊಂಡರೆ ಬಿಸಿಲು ಬಡಿಯುವುದಿಲ್ಲವೆಂದು ಗದಗಿನ ಅವರ ಅವ್ವ ಹೇಳಿಕೊಟ್ಟಿದ್ದಳಂತೆ. ಇಲ್ಲಿನ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಹೆರಿಗೆ ಮಾಡಿಸಿ ನಿವೃತ್ತರಾದ ಮಿಡ್‌ವೈಫ್ ಅವರು. ಆದರೂ ಅವ್ವನ ಮಾತಿನ ಮುಂದೆ ಯಾವ ಡಾಕ್ಟರ ಮಾತೂ ನಡೆಯುತ್ತಿರಲಿಲ್ಲ.

ಲಂಡನ್ನಿನ ಅಂಚಿನ ಕೆಂಟನ್‌ನಲ್ಲಿ ಅವರ ಮನೆಯ ಮೇಲಿನ ರೂಮಿನಲ್ಲಿ ನಾನು ಎರಡು ವರ್ಷ ಬಾಡಿಗೆಗಿದ್ದೆ. ಮೈಸೂರಿನವಳಾದ ನನ್ನ ಉಪ್ಪಿಟ್ಟನ್ನು ಪೇಶಂಟಿನ ಊಟ ಎನ್ನುತ್ತಿದ್ದರು, ಎರಡು ಸಲ ಬಡಿಸಿಕೊಳ್ಳುತ್ತಲೂ ಇದ್ದರು. ಇಷ್ಟು ವರ್ಷ ಈ ಊರಲ್ಲಿದ್ದೂ ಅವರು ಲಂಡನ್ ನೋಡಿರಲಿಲ್ಲ. ಡ್ಯೂಟಿ, ಬಸ್ಸು, ಮನೆ, ಮಗಳು, ಮತ್ತೆ ಡ್ಯೂಟಿ. ಊರಿಂದ ಬಂದ ನೆಂಟರನ್ನು ಟೂರಿಸ್ಟ್ ಬಸ್ಸಿಗೆ ಹತ್ತಿಸಿ ತಾವು ಆಸ್ಪತ್ರೆಗೆ ಹೋಗುತ್ತಿದ್ದರಂತೆ.

ಅಷ್ಟರಲ್ಲಿ ಅವರ ಸವೆದ ಬಲಮಂಡಿಯನ್ನು ಬದಲಿಸುವ ಆಪರೇಷನ್‌ಗೆ ತಾರೀಕು ಬಂತು. ಆಮೇಲೆ ಎಷ್ಟು ದೂರ ನಡೆಯಬಹುದೆಂದು ಈಗಲೇ ಹೇಳಲಾಗದು ಎಂದರು ಡಾಕ್ಟರು. ಅಂದು ಸಂಜೆಯೇ ಶಾಂತಕ್ಕ ಊಟದ ಮೇಜಿನ ಮೇಲೆ ನಕಾಶೆ ಹರಡಿ, ಥೇಮ್ಸ್ ನದಿಗೆ ಅಡ್ಡಡ್ಡ ಪೆನ್ಸಿಲ್ ಗೀಟೆಳೆದರು. ಟವರ್ ಬ್ರಿಜ್‌ನಿಂದ ವೆಸ್ಟ್‌ಮಿನ್‌ಸ್ಟರ್‌ವರೆಗೆ ನಡೆದು ದಾಟಬಹುದಾದ ಸೇತುವೆಗಳು ಎಂಟು. ಒಂದರಲ್ಲಿ ಆ ದಡಕ್ಕೆ, ಮುಂದಿನದರಲ್ಲಿ ಈ ದಡಕ್ಕೆ, ಕಸೂತಿ ಹೊಲಿಗೆಯ ಹಾಗೆ. ಹುಟ್ಟಿನಿಂದ ಬಂದ ಮಂಡಿ ಇರುವಾಗಲೇ ಈ ಊರನ್ನು ನಡೆದು ನೋಡಿಬಿಡಬೇಕು ಎಂದರು.

ನಾವು ಹೊರಟ ಶನಿವಾರವೇ ಆ ಬೇಸಿಗೆಯ ಅತಿ ಬಿಸಿ ದಿನವಾಗಬೇಕೆ? ಬೇಡವೆಂದೆ. ಗದಗಿನ ಬಿಸಿಲಲ್ಲಿ ಬೆಳೆದವಳಿಗೆ ಇದ್ಯಾವ ಬಿಸಿಲು ಎಂದು ಮಜ್ಜಿಗೆಯ ಫ್ಲಾಸ್ಕನ್ನು ನನ್ನ ಹೆಗಲಿಗೆ ಹಾಕಿದರು.

ನಾವು ಕಾಲಿಡುವ ಮೊದಲೇ ಟವರ್ ಬ್ರಿಜ್ ಎರಡು ಸೀಳಾಗಿ ಮೇಲೆದ್ದು ಒಂದು ಹಡಗಿಗೆ ದಾರಿ ಬಿಟ್ಟಿತು. ಶಾಂತಕ್ಕ ಕಣ್ಣರಳಿಸಿ ನೋಡಿ, “ಇದು ಚೊಚ್ಚಲ ಅಲ್ಲ ಬಿಡವಾ, ಸಲೀಸ ಆತು” ಎಂದರು. ನಾಲ್ಕನೆಯ ಸೇತುವೆ ಇಳಿದು ದೊಡ್ಡ ಗುಮ್ಮಟದ ಚರ್ಚಿಗೆ ಹೋದಾಗ, ಬಾಗಿಲಲ್ಲಿ ತಪಾಸಣೆ ಮಾಡುತ್ತಿದ್ದವನು ಈರುಳ್ಳಿ ಕಂಡು ತಬ್ಬಿಬ್ಬಾದ. ಇದು ಬಿಸಿಲಿಗೆ ಮದ್ದು ಎಂದು ವಿವರಿಸಿ, ಬೆವರಿ ಕೆಂಪಾಗಿದ್ದ ಅವನಿಗೇ ಒಂದನ್ನು ಕೊಟ್ಟರು. ಅವನು ಅದನ್ನು ಜೇಬಿಗಿಳಿಸಿದ. ಹುಲ್ಲಿನ ಮೇಲೆಲ್ಲ ಜನ ಹಪ್ಪಳ ಒಣಹಾಕಿದಂತೆ ಮಲಗಿದ್ದರು. ಶಾಂತಕ್ಕ ಮಾತ್ರ ನನಗಿಂತ ನಾಲ್ಕು ಹೆಜ್ಜೆ ಮುಂದೆ ಕುಂಟುತ್ತ ಸಾಗುತ್ತಿದ್ದರು.

ಏಳನೆಯದನ್ನು ದಾಟಿ ಬೆಂಚಿನ ಮೇಲೆ ಕುಳಿತಾಗ ಮಂಡಿ ಊದಿಕೊಂಡಿತ್ತು, ಮುಖ ಬಿಳಿಚಿತ್ತು. ನನಗೆ ನಿಜಕ್ಕೂ ಭಯವಾಯಿತು. ಟ್ಯಾಕ್ಸಿ ಕರೆಯಲು ಫೋನು ತೆಗೆದರೆ ಕಿತ್ತುಕೊಂಡರು.

“ಟ್ಯಾಕ್ಸಿಯೊಳಗ ಹ್ವಾದ್ರ ದಾಟಿದ್ದು ಟ್ಯಾಕ್ಸಿ, ತಂಗಿ. ನಾ ಅಲ್ಲ.”

ಸಿಟ್ಟು ಬಂತು. ಏನಾದರೂ ಆದರೆ ನಿಮ್ಮ ಮಗಳಿಗೆ ಯಾರು ಉತ್ತರ ಕೊಡುವುದು ಎಂದು ಗದರಿದೆ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಅರ್ಧ ಗಂಟೆ ಕಾಲು ಚಾಚಿ ಕುಳಿತು, ಉಳಿದ ಮಜ್ಜಿಗೆ ಕುಡಿದು ಎದ್ದರು.

ಎಂಟನೆಯ ಸೇತುವೆಯ ಮೇಲೆ ಒಂದು ಕೈಯಲ್ಲಿ ಕಟಾಂಜನ, ಇನ್ನೊಂದರಲ್ಲಿ ನನ್ನ ತೋಳು. ತಮ್ಮ ಮಂಡಿಯೊಂದಿಗೇ ಮಾತಾಡತೊಡಗಿದರು. “ಇನ್ನೊಂದೀಟು, ನಮ್ಮವ್ವಾ. ಇಷ್ಟು ತಡಕೊಂಡಾಕಿ ಈಗ ಬಿಡ್ತೀಯೇನು? ಬಂತು, ಬಂದ ಬಿಡ್ತು.” ಎಷ್ಟು ಹೆಂಗಸರ ತಲೆ ನೇವರಿಸುತ್ತ ಈ ಮಾತು ಆಡಿದ್ದರೋ. ನಾನೂ ಸಿಟ್ಟು ಮರೆತು ಜೊತೆಗೆ ಹೇಳತೊಡಗಿದೆ. ಸೆಲ್ಫಿ ತೆಗೆಯುತ್ತಿದ್ದವರು ದಾರಿ ಬಿಟ್ಟರು.

ಸೇತುವೆ ಮುಗಿದಲ್ಲಿ ಶಾಂತಕ್ಕ ಕತ್ತೆತ್ತಿ ದೊಡ್ಡ ಗಡಿಯಾರ ನೋಡಿದರು.

“ಐದು ಗಂಟಿ ನಲವತ್ತ ಮಿನಿಟ್. ಬರಕೋ.”

ಕೂಸು ಹುಟ್ಟಿದ ಹೊತ್ತು ಬರೆಸುವ ಅದೇ ಗತ್ತು. ನಾನು ಅಂಗೈ ಮೇಲೇ ಬರೆದುಕೊಂಡೆ. ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ಗೊತ್ತಾಗಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಮರುವರ್ಷ ಅವರು ಮನೆ ಮಾರಿ ಮೆಲ್ಬರ್ನ್‌ನಲ್ಲಿರುವ ಮಗಳ ಹತ್ತಿರ ಹೊರಟರು. ಹೀಥ್ರೋಗೆ ಬಿಡಲು ಹೋಗಿದ್ದೆ; ಅದೇ ಕೊನೆಯ ಭೇಟಿ. ಮಗಳು ಅಲ್ಲಿಂದಲೇ ವೀಲ್‌ಚೇರ್ ಹೇಳಿಸಿದ್ದಳು. ಅದನ್ನು ತಂದ ಸಿಬ್ಬಂದಿಯ ಹೆಂಗಸು ಕೂರಿ ಎಂದು ಮತ್ತೆ ಮತ್ತೆ ಬೇಡಿಕೊಂಡಳು. ಅವಳ ಮಾತು ಮೀರಬಾರದೆಂದು ಶಾಂತಕ್ಕ ತಮ್ಮ ಕೈಚೀಲವನ್ನು ಕುರ್ಚಿಯಲ್ಲಿ ಕೂರಿಸಿ, ಬೆಲ್ಟ್ ಕಟ್ಟಿ, ತಾವೇ ತಳ್ಳಿಕೊಂಡು ನಡೆದರು. ಆ ಹೆಂಗಸು ಬರಿಗೈಯಲ್ಲಿ ಅವರ ಹಿಂದೆ ಓಡಿದಳು.