ಅಂಕೋರಾ ಎಂಬ ಪದದ ಒತ್ತು

ಇಟಲಿಯನ್ನು ನಾನು ಕಂಡವನಲ್ಲ. ಆದರೂ ಎಪ್ಪತ್ತರ ದಶಕದಲ್ಲಿ ಮುಂಬಯಿಯ ಒಂದು ಕಚೇರಿಯಲ್ಲಿ ಕುಳಿತು, ಇಟಾಲಿಯನ್ ಪದಗಳು ಕಿವಿಗೆ ಹೇಗೆ ಕೇಳಿಸುತ್ತವೆ ಎಂಬುದನ್ನು ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದು ದಾಖಲಿಸುವುದೇ ನನ್ನ ಉದ್ಯೋಗವಾಗಿತ್ತು. ಕಾರ್ಡುಗಳನ್ನು ಕಂಪ್ಯೂಟರು ಓದುತ್ತದೆ, ಭಾಷಾ ಸಂಶೋಧಕರು ಅದರಿಂದ ಏನೋ ಕಂಡುಕೊಳ್ಳುತ್ತಾರೆ ಎಂದಿದ್ದರು ನಮ್ಮ ಮುಖ್ಯಸ್ಥ ಕಾಮತರು. ನನಗೆ ಅಷ್ಟು ಸಾಕಾಗಿತ್ತು. ನನ್ನ ಊರು ಉಡುಪಿಯಲ್ಲಿ ಮಾತ್ರ ನಾನು ಇಟಲಿ ಭಾಷೆಯ ಪಂಡಿತನೆಂಬ ಸುದ್ದಿ ಹಬ್ಬಿತ್ತು. ನಾನೂ ತಡೆಯಲು ಹೋಗಲಿಲ್ಲ.

ತೊಡಕೆಂದರೆ, ಆ ಭಾಷೆಯ ಕೆಲವು ಪದಗಳಿಗೆ ಬರಹ ಒಂದೇ, ಉಚ್ಚಾರ ಎರಡು. ಅವನ್ನು ಅಲ್ಲಿಯವರೇ ಹೇಳಬೇಕು. ನಮಗೆ ಹೇಳುತ್ತಿದ್ದವರು ಅಂಧೇರಿಯಲ್ಲಿದ್ದ ಮಾರ್ತಾ ಎಂಬ ಸಂಗೀತದ ಟೀಚರು. ಒಂದು ಬೆಳಿಗ್ಗೆ ಅವರ ಫೋನು ಬಂತು: ಊರಿನಲ್ಲಿ ತಾಯಿಗೆ ತೀರಾ ಹುಷಾರಿಲ್ಲ, ಸಂಜೆಯ ವಿಮಾನಕ್ಕೆ ಹೊರಡುತ್ತೇನೆ, ಉಳಿದ ಪದಗಳಿಗೆ ಈಗಲೇ ಬನ್ನಿ. ಕಂಪ್ಯೂಟರಿನಲ್ಲಿ ನಮ್ಮ ಸರದಿ ಮರುವಾರವೇ ಇತ್ತು; ತಪ್ಪಿದರೆ ಮತ್ತೆ ಯಾವಾಗಲೋ.

"ಖಾಲಿ ಟೇಪು ಹಿಡ್ಕೊಂಡು ಬರ್ಬೇಡಿ ಮಾರಾಯ್ರೆ," ಎಂದರು ಕಾಮತರು.

ಕಚೇರಿಯಿದ್ದ ವಡಾಲದಿಂದ ದಾದರಿಗೆ ಬಸ್ಸು, ಅಲ್ಲಿಂದ ಲೋಕಲ್. ರೆಕಾರ್ಡರನ್ನು ಕೂಸಿನಂತೆ ಎದೆಗವಚಿಕೊಂಡು ನಿಂತಿದ್ದೆ. ಬಾಂದ್ರಾ ದಾಟಿದ್ದೇ ಗಾಡಿ ನಿಂತುಬಿಟ್ಟಿತು. ಅದು ಮತ್ತೆ ಹೊರಡುವಷ್ಟರಲ್ಲಿ ಅಂಗಿ ಪೂರಾ ಒದ್ದೆ. ಅಂಧೇರಿಯ ಆ ಬಿಲ್ಡಿಂಗ್ ಮುಟ್ಟಿದಾಗ ಟ್ಯಾಕ್ಸಿ ಆಗಲೇ ಬಾಗಿಲಲ್ಲಿತ್ತು.

ಮಾರ್ತಾ ಪೆಟ್ಟಿಗೆಯ ಮೇಲೆಯೇ ಕುಳಿತು ಓದತೊಡಗಿದರು. ಕೆಳಗಿನಿಂದ ಟ್ಯಾಕ್ಸಿಯ ಹಾರ್ನ್. 'ಆಂಕೊರಾ' ಎಂದರು, ಮೊದಲಕ್ಷರವನ್ನು ಒತ್ತಿ; ಎಂದರೆ ಲಂಗರು. ಮುಂದಿನದೂ ಅದೇ ಅಕ್ಷರಗಳೇ, ಒತ್ತು ಮಾತ್ರ ನಡುವೆ: 'ಅಂಕೋರಾ'. ಎಂದರೆ 'ಇನ್ನೂ'. ಅಲ್ಲಿ ದನಿ ನಡುಗಿ ನಿಂತಿತು. ಊರಿನಿಂದ ಅವರ ತಮ್ಮ ಕಳಿಸಿದ ತಂತಿಯಲ್ಲಿದ್ದದ್ದೂ ಅದೇ ಪದವಂತೆ: ಅಮ್ಮ ಇನ್ನೂ ಇದ್ದಾಳೆ, ಬಾ.

ಟೇಪು ನಿಲ್ಲಿಸಲು ಕೈ ಚಾಚಿದೆ. ಅವರು ತಡೆದು, ನಿಮ್ಮ ಭಾಷೆಯಲ್ಲಿ ಇದಕ್ಕೇನೆನ್ನುತ್ತೀರಿ ಎಂದು ಕೇಳಿದರು. ಹೇಳಿದೆ.

"ಇನ್ನು," ಎಂದರು.

ಕೊನೆಯನ್ನು ಎಳೆಯಬೇಕು, ಗಿಡ್ಡ ಮಾಡಿದರೆ ಅರ್ಥವೇ ಬೇರೆ ಎಂದೆ.

"ಇನ್ನೂ," ಎಂದು ಉಸಿರಿರುವಷ್ಟೂ ಎಳೆದರು. ಗಂಟಲು ಸರಿಮಾಡಿಕೊಂಡು 'ಅಂಕೋರಾ'ವನ್ನು ಮತ್ತೊಮ್ಮೆ ಸ್ಪಷ್ಟವಾಗಿ ಹೇಳಿ, ಉಳಿದ ಪದಗಳನ್ನೂ ಮುಗಿಸಿಯೇ ಟ್ಯಾಕ್ಸಿ ಹತ್ತಿದರು. ತಾಯಿ ಮಗಳ ಗುರುತು ಹಿಡಿದರು, ಆ ಚಳಿಗಾಲವನ್ನೂ ದಾಟಿದರು ಎಂದು ಆಮೇಲೆ ತಿಳಿಯಿತು.

ಕಾರ್ಡಿಗೆ ಹೋದದ್ದು ಎರಡನೆಯ ಸಲ ಸ್ಪಷ್ಟವಾಗಿ ಹೇಳಿದ ಅಂಕೋರಾ. ಯಂತ್ರಕ್ಕೆ ಬೇಕಾದ್ದು ಒತ್ತು ಎಲ್ಲಿ ಎಂಬುದಷ್ಟೇ. ಕೆಲಸ ಮುಗಿದ ಟೇಪನ್ನು ಅಳಿಸಿ ಮತ್ತೆ ಬಳಸುವುದು ನಮ್ಮ ವಾಡಿಕೆ. ಕಾಮತರು ಈ ಟೇಪನ್ನು ಪೂರ್ತಿ ಕೇಳಿದರು. ಹಿಂದಕ್ಕೆ ಸುತ್ತಿ, ದನಿ ನಡುಗಿದ ಆ ಮೊದಲನೆಯ ಅಂಕೋರಾವನ್ನು ಮತ್ತೆ ಕೇಳಿದರು.

"ಇದ್ರ ಮೇಲೆ ಬೇರೇನೂ ತುಂಬಿಸ್ಬೇಡಿ," ಎಂದರು.

ಆ ಟೇಪು ಕಪಾಟಿನಲ್ಲಿ ವರ್ಷಗಟ್ಟಲೆ ಯಾಕಿದೆ ಎಂದು ಮೇಲಿನವರು ಕೇಳಿದಾಗಲೆಲ್ಲ ಅವರದು ಒಂದೇ ಉತ್ತರ: ಆ ಪದದ ಸಂಶೋಧನೆ ಮುಗಿದಿಲ್ಲ.